ನಾಲ್ಕು ಪಾಳಿಯ ದಾರಿ

ಸಂಮೇದನ ಎಲ್ಲ ರಗಳೆಗೂ ಕಾರಣ ಒಂದು ವರ್ಗಮೂಲ.

ಸಾಂಗ್ಲಿವಾಡಿಯ ಈ ಗಣಿತದ ಮಾಸ್ತರ ಪ್ರತಿ ರವಿವಾರ ಮಿರಜಿನಲ್ಲಿ ಗೆಳತಿ ತ್ರಿಶಲಾಳ ಮನೆಯ ಮಾಳಿಗೆಯ ಮೇಲೆ ಬಾಹ್ಯಾಕಾಶ ಯುದ್ಧದ ಆಟ ಆಡಿಸುತ್ತಿದ್ದ. ಮೇಜಿನ ಮೇಲೆ ಕಾಗದದ ಹಡಗು, ಕೈಯಲ್ಲಿ ದಾಳ. ತ್ರಿಶಲಾ, ಕೇತನ, ಪ್ರಣಾಲಿ ಹಡಗುಗಳ ಕಪ್ತಾನರು, ಕತೆ ನಡೆಸುವ ಸೂತ್ರಧಾರ ಇವನು. ಆದರೆ ಯಾರಾದರೂ "ಆ ಗ್ರಹಕ್ಕ ಹೊಂಟೆ" ಎಂದರೆ ಮುಗಿಯಿತು. ಅರ್ಧ ದಾರಿ ವೇಗ ಏರಿಸಬೇಕು, ಉಳಿದರ್ಧ ಇಳಿಸಬೇಕು, ತಲುಪುವ ಹೊತ್ತು ತಿಳಿಯಲು ಸಂಮೇದ ವರ್ಗಮೂಲ ತೆಗೆಯಬೇಕು. ಅಷ್ಟರಲ್ಲಿ ಚಹಾ ಆರುತ್ತಿತ್ತು, ತ್ರಿಶಲಾಳ ತಂದೆ ಭೂಪಾಲ ಕಾಕಾ ಮೂಲೆಯಲ್ಲಿ ಪೇಪರ್ ಓದಿ ಮುಗಿಸುತ್ತಿದ್ದರು. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಆಗಲೇಬೇಕು. ಕೆಳಗಿನಿಂದ ಕರೆ ಬಂತೆಂದರೆ ಯುದ್ಧ ನಿಂತಿತು. ಮೂರು ತಿಂಗಳಾದರೂ ಒಂದು ತೋಪೂ ಹಾರಿರಲಿಲ್ಲ.

"ಈ ರವಿವಾರ ಊಟದೊಳಗ ಯುದ್ಧ ಮುಗೀಲಿಲ್ಲಂದ್ರ ನಿನ್ನ ಆಟಾ ಬಂದ್," ಎಂದು ಪ್ರಣಾಲಿ ಹೇಳಿಬಿಟ್ಟಿದ್ದಳು. "ಕ್ಯಾರಮ್ ಆಡತೀವಿ."

ಸಂಮೇದನಿಗೆ ವಾರವಿಡೀ ಅನ್ನ ಸೇರಲಿಲ್ಲ. ಅವನ ಮಾತಿಗೆ ಬೆಲೆಯಿದ್ದದ್ದು ಆ ಸೂತ್ರಧಾರನ ಕುರ್ಚಿಯಲ್ಲಿ ಕೂತಾಗ ಮಾತ್ರ. ರವಿವಾರ ಮಧ್ಯಾಹ್ನ ಕೊನೆಗೂ ಹೊಳೆಯಿತು: ಹತ್ತಿರವಾದರೆ ಆಟದ ಒಂದು ಪಾಳಿ, ನಡುವಣ ದೂರಕ್ಕೆ ಎರಡು, ಬಹಳ ದೂರಕ್ಕೆ ನಾಲ್ಕು. ಒಂದು ಚೀಟಿಯಲ್ಲಿ ಎಲ್ಲ ಹಿಡಿಯಿತು. ಎದ್ದು ಹೊರಡಬೇಕಿತ್ತು. ಆದರೆ ಈ ಸರಳ ಲೆಕ್ಕ ಸರಿಯಿದೆಯೇ ಎಂದು ನೋಡಲು ಮತ್ತೆ ವರ್ಗಮೂಲಕ್ಕೇ ಕೈ ಹಾಕಿದ. ಹುಟ್ಟುಗುಣ ಸುಟ್ಟರೂ ಹೋಗದು. ಎರಡಕ್ಕೆ ಹೊರಡಬೇಕಾದವನು ಮೂರೂವರೆಗೆ ಸ್ಕೂಟರ್ ಒದ್ದ.

ಬಾಗಿಲಲ್ಲೇ ನೆರೆಮನೆಯ ಅಲಕಾ ಮಾವಶಿ ತಡೆದಳು. "ಮಿರಜಿಗೆ ಹೊಂಟೀಯಲ್ಲ? ಈ ಕುಂಬಳಕಾಯಿ ನಮ್ಮ ಅಕ್ಕಗ ಕೊಟ್ಟ ಹೋಗು. ಹಾದ್ಯಾಗ ಐತಿ."

ಅಕ್ಕನ ಮನೆ ಹಾದಿಯಲ್ಲಿ ಇರಲಿಲ್ಲ. ಸೇತುವೆ ದಾಟಿದ್ದೇ ತಡ, ಕಬ್ಬಿನ ಜೋಡಿ ಟ್ರಾಲಿ ಮುಂದೆ ಬಂತು, ಹೊಸ ಮದುಮಗಳ ನಡಿಗೆಯಲ್ಲಿ. ಫೋನು ಬಡಿದುಕೊಂಡಿತು.

"ಕುಠೆ ಆಹೇಸ? ಎಲ್ಲಿ ಅದಿಯೋ?" ಕೇತನ.

"ಹತ್ತ ನಿಮಿಷ."

ಟ್ರಾಲಿ ನಡುರಸ್ತೆಯಲ್ಲೇ ಕೆಟ್ಟು ನಿಂತಿತು. ಹಾರ್ನ್ ಹೊಡೆದ ಸಂಮೇದನಿಗೆ ಪರಿಚಯದ ಡ್ರೈವರ್ ಗಂಗಪ್ಪ ಇಳಿದು ಬಂದು ಒಂದು ಗಳ ಕಬ್ಬು ಕೊಟ್ಟ. "ಅವಸರ ಯಾಕ್ರಿ ಮಾಸ್ತರ, ತಿನ್ರಿ."

ಮುಕ್ಕಾಲು ತಾಸಿನ ಮೇಲೆ ಮಾವಶಿಯ ಅಕ್ಕನ ಮನೆ ಸಿಕ್ಕಿತು. "ಕುಂಬಳಕಾಯಿ ತಂದವನ್ನ ಬರೇ ಹೊಟ್ಟಿಲೆ ಕಳಸಲೇನು? ಕುಂದ್ರು, ಅವಲಕ್ಕಿ ಹಚ್ಚತೇನಿ," ಎಂದಳು ಆಕೆ. ಅವಲಕ್ಕಿ ಗಂಟಲಲ್ಲಿರುವಾಗಲೇ ಮತ್ತೆ ಫೋನು.

"ಹತ್ತ ನಿಮಿಷ," ಎಂದ ಸಂಮೇದ. ಕೇತನ ಫೋನು ಇಟ್ಟುಬಿಟ್ಟ. ಸಂಮೇದ ತಟ್ಟೆ ಇಟ್ಟು ಎದ್ದ.

ಐದೂವರೆಗೆ ಮೆಟ್ಟಿಲು ಹತ್ತುವಾಗ ದಾಳ ಉರುಳುವ ಸದ್ದೂ ನಗುವೂ ಕೇಳಿದವು. ಸೂತ್ರಧಾರನ ಕುರ್ಚಿಯಲ್ಲಿ ಭೂಪಾಲ ಕಾಕಾ ಕೂತಿದ್ದರು. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಗಾಡಿಗಳ ವೇಳೆ ಕೂಗಿ ನಿವೃತ್ತರಾದವರು.

"ಬಾರೋ," ಎಂದರು, ಕುರ್ಚಿ ಬಿಡಲಿಲ್ಲ. "ನೀ ಬರೂತನಕ ಅಂತ ನಾ ಕುಂತೇನಿ. ಆಟದಾಗ ಒಂದ ಪಾಳಿ ಅಂದ್ರ ಅರ್ಧಾ ತಾಸಿನ ಹಾದಿ. ಸಾಂಗ್ಲಿಯಷ್ಟು ದೂರಕ್ಕ ಒಂದು, ತಾಸಗಾಂವಿನಷ್ಟಕ್ಕ ಎರಡು, ಕೊಲ್ಲಾಪುರದಷ್ಟಕ್ಕ ನಾಕು. ಆತು ಲೆಕ್ಕ."

ಸಂಮೇದ ತನ್ನ ಚೀಟಿ ಮುಂದಿಟ್ಟ. ಪ್ರಣಾಲಿ ಓದಿದಳು. "ಇದು ಕಾಕಾರ ರೂಲ್ ಅಲ್ಲೇನೋ? ಮೆಟ್ಟಲದಾಗ ನಿಂತು ಬರಕೊಂಡೀಯೇನು?"

ಸಂಮೇದನಿಗೆ ಅಳುವೇ ಬಂತು. "ನನಗೂ ಒಂದ ಹಡಗ ಕೊಡ್ರಿ ಕಾಕಾ," ಎಂದ.

"ಕೊಟ್ಟೆ. ಮನಿಯಿಂದ ಇಲ್ಲೀತನಕ ನಿನಗ ಎಷ್ಟೊತ್ತು ಹಿಡೀತು?"

"ಎರಡು ತಾಸು."

"ಅಂದ್ರ ನಾಕು ಪಾಳಿ. ಕುಂದ್ರು, ಬರ್ತೈತಿ ನಿನ್ನ ಹಡಗ."

ಅವನ ಹಡಗು ಬರುವ ಮೊದಲೇ, ಮೂರನೆಯ ಪಾಳಿಯಲ್ಲಿ ಯುದ್ಧ ಮುಗಿಯಿತು. ಕೆಳಗಿನಿಂದ ಊಟಕ್ಕೆ ಕರೆ ಬಂತು. ಮುಂದಿನ ರವಿವಾರವೂ ಕಾಕಾನೇ ಕೂಡಬೇಕೆಂದು ಮಾತಾಡುತ್ತ ಎಲ್ಲರೂ ಇಳಿದುಹೋದರು. ಸಂಮೇದ ಒಬ್ಬನೇ ಉಳಿದು, ಕಬ್ಬು, ಕುಂಬಳಕಾಯಿ, ಅವಲಕ್ಕಿಗೆ ಹೋದ ಹೊತ್ತೆಲ್ಲ ಕೂಡಿಸಿ ಬೆರಳೆಣಿಸಿ ನೋಡಿದ. ನಾಲ್ಕು ಪಾಳಿಯೇ. ಲೆಕ್ಕ ಸರಿಯಾಗಿತ್ತು.