ಗೌಡರ ಪಿಸ್ತೂಲಿಗೊಂದು ಒರೆ

ಸುಳ್ಳು ಅನ್ನುವ ಗಂಡಸಿದ್ದರೆ ತಳಕಲ್ಲಿಗೆ ಬಂದು ನನ್ನ ಮುಂದೆ ನಿಂತು ಅನ್ನಲಿ. ಇಂಥವು ನಮ್ಮೂರಲ್ಲೇ ಆಗುತ್ತವೆ, ಅದರಲ್ಲೂ ನಾನಿದ್ದಲ್ಲೇ ಆಗುತ್ತವೆ.

ನಮ್ಮ ಗೌಡರಿಗೆ ನಿಜಾಮ ಸರಕಾರ ಪಿಸ್ತೂಲಿನ ಪರವಾನಗಿ ಕೊಟ್ಟಿತು. ಪಿಸ್ತೂಲು ಬಂತು, ಅದನ್ನಿಡುವ ಒರೆ ಬರಲಿಲ್ಲ.

"ಛಲೋ ಒರಿ ಮಾಡಿಸಿ ತಂದಾವನ ಸೊಂಟಕ್ಕ ಪಿಸ್ತೂಲು. ನನ್ನ ಹಿಂದ ಅಂವನs ನಡೀಬೇಕು," ಅಂದರು ಗೌಡರು.

ಊರಲ್ಲಿ ಅಂಥ ಸೊಂಟ ಇದ್ದದ್ದು ನನಗೊಬ್ಬನಿಗೇ.

೧. ಕಂಬಳಿ

ಮೊದಲು ಕರಿ ಕಂಬಳಿಯದು ಹೊಲಿದೆ. ಬಲು ಮೆತ್ತಗೆ. ಜೋಳದ ಹೊಲದಲ್ಲಿ ಹಂದಿ ಎದ್ದಿತು. ಗೌಡರು "ತಾರಲೇ!" ಅಂದರು. ಎಳೆದೆ. ಪಿಸ್ತೂಲು ಉಣ್ಣೆಗೆ ಸಿಕ್ಕಿಕೊಂಡಿತ್ತು. ಅದರ ಸಂಗಡ ಒರೆ ಬಂತು, ಒರೆಯ ಸಂಗಡ ನನ್ನ ಧೋತರವೂ ಬಂತು.

"ಗುಂಡು ಬ್ಯಾಡ ಬಿಡಲೇ," ಅಂದರು ಗೌಡರು, "ಹಂದಿ ನಾಚಿ ಹೋತು."

೨. ಕಟ್ಟಿಗೆ

ಕಿನ್ನಾಳದ ಗೊಂಬೆ ಮಾಡುವ ಮುದುಕನ ಹತ್ತಿರ ಹೋದೆ.

"ಪಿಸ್ತೂಲಿಂದು ನನಗೇನ ಗೊತ್ತಪಾ?"

"ಅದೂ ಒಂದು ಗೊಂಬಿ ಅಂತ ತಿಳಕೋ ಅಜ್ಜಾ. ತೊಟ್ಟಿಲ ಮಾಡಿಕೊಡು."

ಚೆಂದದ ಒರೆ, ಮೇಲೊಂದು ಹಸಿರು ಗಿಳಿ ಬೇರೆ. ಬರುವಾಗ ಮಳೆ ಹೊಡೆದು, ಪಿಸ್ತೂಲು ಒಳಗಿದ್ದ ಹಾಗೇ ಕಟ್ಟಿಗೆ ಉಬ್ಬಿತು. ಮರುದಿನವೇ ಪೊಲೀಸ್ ಅಮೀನಸಾಹೇಬರು ಪಿಸ್ತೂಲು ತಪಾಸಣೆಗೆ ಬಂದರು. ಒರೆ ನಾನು ಹಿಡಿದೆ, ಪಿಸ್ತೂಲು ತಳವಾರ ಹಿಡಿದ. ಗುಂಡು ತುಂಬಿರಲಿಲ್ಲ, ಪುಣ್ಯ. ಎಳೆದಾಡಿ ಇಬ್ಬರೂ ಕಟ್ಟೆಯಿಂದ ಕೆಳಗೆ ಬಿದ್ದೆವು; ಪಿಸ್ತೂಲು ಮಾತ್ರ ಒರೆ ಬಿಡಲಿಲ್ಲ.

ಅಮೀನರು ಎದ್ದು ನಿಂತರು. "ಗೌಡ್ರ, ಇಷ್ಟು ಬಂದೋಬಸ್ತಿನ ಪಿಸ್ತೂಲು ಹೈದರಾಬಾದಿನಾಗೂ ಇಲ್ರಿ. ಕಳ್ಳ ಒಯ್ದರೂ ಅವನs ತಂದು ಕೊಡತಾನ."

೩. ಚರ್ಮ

ಕಡೆಗೆ ಕುಷ್ಟಗಿಯಲ್ಲಿ ಎಮ್ಮೆ ಚರ್ಮದ್ದು ಹೊಲಿಸಿದೆ. ದಪ್ಪ, ಬಿಗಿ, ಮೇಲೆ ಗುಂಡಿ ಹಾಕುವ ಪಟ್ಟಿ. ತಲೆಕೆಳಗು ಹಿಡಿದರೂ ಪಿಸ್ತೂಲು ಬೀಳದು. ಎಳೆದರೆ ಬೆಣ್ಣೆಯೊಳಗಿನ ಕೂದಲಿನಂತೆ ಬರುವುದು.

"ಗೆದ್ದಿ ಮಗನ!" ಅಂದು ಗೌಡರು ತಾವೇ ನನ್ನ ಸೊಂಟಕ್ಕೆ ಕಟ್ಟಿದರು. ಎದೆ ಉಬ್ಬಿಸಿ ಅವರ ಹಿಂದೆ ಅವರ ಮನೆಗೆ, ವಾಡೆಗೆ, ನಡೆದೆ. ಊರೆಲ್ಲ ನೋಡಿತು. ಹೊಸ್ತಿಲಲ್ಲಿ ಗೌಡರ ತಾಯಿ ನಿಂತಿದ್ದರು.

"ಏನೋ ಅದು ಸೊಂಟದಾಗ?"

"ಪಿಸ್ತೂಲ್ರಿ, ಎವ್ವಾ."

"ಅದರ ಮ್ಯಾಲಿಂದು?"

"ಎಮ್ಮಿ ಚರ್ಮರಿ."

"ಚರ್ಮ ಒಳಗ ಬರಂಗಿಲ್ಲ. ಕೆರ ಬಿಡೋ ಜಾಗಾದಾಗ ಇಡು."

ಗೌಡರು ಮೆಲ್ಲಗೆ, "ಎವ್ವಾ, ಸರಕಾರ ಕೊಟ್ಟದ್ದೈತಿ ಅದು..." ಅಂದರು.

"ಸರಕಾರ ಬಂದ್ರೂ ಕೆರ ಹೊರಗ ಬಿಟ್ಟs ಬರಬೇಕು!"

ಊರನ್ನೇ ನಡುಗಿಸುವ ಗೌಡರು ತಮ್ಮ ಕೆರ ಬಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಮಠದಲ್ಲೂ ಅದೇ ಆಯಿತು, ಬೀಗರ ಮನೆಯಲ್ಲೂ ಅದೇ.

ನನಗೆ ಕಡೆಗೆ ಸಿಕ್ಕಿದ್ದು ಹೊಸ್ತಿಲ ಹೊರಗೆ ಕೂತು ಕೆರ ಕಾಯುವ ಕೆಲಸ.