ನಲ್ಲಿಯೊಳಗಿನ ಬಿಲ್ಲೆ

ನಮ್ಮ ಚಿಕ್ಕಪ್ಪ ಬಂದರೆಂದರೆ ಜನ ಬಚ್ಚಲ ಬಾಗಿಲು ಮುಚ್ಚುತ್ತಿದ್ದರು! ಮದ್ದೂರಿನಲ್ಲಿ ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹೆಣ್ಣನ್ನು ನೋಡಿದರು. ಇವರು ಹಿತ್ತಲಿಗೆ ಹೋಗಿ ಚರಂಡಿ ನೋಡಿ ಬಂದರು. "ಬಚ್ಚಲ ನೀರೆಲ್ಲ ಬಾವಿಗೇ ಇಳೀತಾ ಐತೆ ಕಣ್ರಪ್ಪ. ನಮ್ಗೆ ಕಾಪಿ ಬ್ಯಾಡಿ" ಎಂದು ಹೆಣ್ಣಿನ ತಂದೆಗೇ ಹೇಳಿದರು. ನಾನು ಚಾಪೆಯ ಅಂಚು ನೋಡುತ್ತಾ ಕುಳಿತೆ. ಹುಡುಗಿ ನಕ್ಕಳೆಂದು ನೆನಪು. ನಗದೆಯೂ ಇದ್ದಿರಬಹುದು, ನನ್ನ ನೆನಪು ಬೇಕಾದವರನ್ನೆಲ್ಲ ನಗಿಸಿಬಿಡುತ್ತದೆ.

ಮಂಡ್ಯಕ್ಕೆ ನಾಲೆ ಬಂದ ಹೊಸತು. ಅಲ್ಲಿನ ಶಾಲೆಯ ಹಾಸ್ಟೆಲಿಗೆ ನಲ್ಲಿ, ಮೋರಿಗಳ ನಕ್ಷೆ ಬರೆದು ಕಟ್ಟಿಸುವ ಕೆಲಸ ಇವರಿಗೆ ಸಿಕ್ಕಿತು. ಇಳಿಜಾರು ಸರಿಯಿದೆಯೇ ಎಂದು ತಿಳಿಯಲು ಮೋರಿಯ ನೀರಿನಲ್ಲಿ ನಿಂಬೆಹಣ್ಣು ಬಿಟ್ಟು ಅದರ ಜೊತೆಗೇ ಓಡುತ್ತಿದ್ದರು, ಪಂಚೆ ಎತ್ತಿ ಕಟ್ಟಿಕೊಂಡು! "ಯಾರ್ಲಾ ಅವ್ರು, ಮಾಟ ಮಾಡ್ತಾವ್ರಾ?" ಎಂದು ದಾರಿಹೋಕರು ಕೇಳಿದರೆ ನಾನು "ಗೊತ್ತಿಲ್ಲ" ಎನ್ನುತ್ತಿದ್ದೆ.

ಹಾಸ್ಟೆಲಿನ ಹಳೇ ಬಾವಿಗೆ ಕಕ್ಕಸು ಗುಂಡಿಯ ನೀರು ಜಿನುಗುತ್ತಿತ್ತು. ಹುಡುಗರಿಗೆ ಪದೇ ಪದೇ ಭೇದಿ. ಅದಕ್ಕೇ ಚಿಕ್ಕಪ್ಪ ನಾಲೆಯ ನೀರನ್ನು ಮರಳಿನಲ್ಲಿ ಸೋಸಿ ಅಡಿಗೆಮನೆಗೆ ನಲ್ಲಿ ತಂದರು. ಅಡಿಗೆಯ ಮಾದಪ್ಪ ಕೇಳಿದ: "ತಿರುವಿದ್ರೆ ನೀರು ನಿಂತೋಯ್ತದಲ್ಲ ಸ್ವಾಮಿ, ವಳಗೇನು ಮಡಗಿದ್ದೀರಿ?"

ಬೇರೆಯವರಾಗಿದ್ದರೆ ಕೆಮ್ಮಿ ಸುಮ್ಮನಾಗುತ್ತಿದ್ದರು. ಇವರು ನಲ್ಲಿ ಬಿಚ್ಚಿ ತೋರಿಸಿದರು. "ಚರ್ಮದ ಬಿಲ್ಲೆ. ಎಮ್ಮೇದು."

ಮಾದಪ್ಪ ಕೊಡ ಎತ್ತಿಕೊಂಡು ಬಾವಿಗೆ ನಡೆದ.

ಚಿಕ್ಕಪ್ಪ ಸೈಕಲ್ ಟ್ಯೂಬು ಕತ್ತರಿಸಿ ಬೇರೆ ಬಿಲ್ಲೆ ಮಾಡಿದರು. ರಬ್ಬರೆಂದರೆ ಮರದ ಹಾಲು, ಅದಕ್ಕೆಲ್ಲಿಯ ಮೈಲಿಗೆ? ಮಾದಪ್ಪನಿಗೆ ನಂಬಿಕೆ ಬರಲಿಲ್ಲ. "ನಿಮ್ಮವ್ವ ನೇಮದೋರು. ಅವ್ರು ಕುಡುದ್ರೆ ನಾನೂ ಅದ್ರಲ್ಲೇ ಬೇಯಿಸ್ತೀನಿ."

ಅಜ್ಜಿ ಹೊಳಲು ಹಳ್ಳಿಯಿಂದ ಗಾಡಿಯಲ್ಲಿ ಬಂದರು. ಪೇಟೆಯಲ್ಲಿ ತಮ್ಮ ಚೊಂಬಿನ ನೀರಲ್ಲದೆ ಬೇರೆ ಮುಟ್ಟಿದವರಲ್ಲ. ಆ ಬೆಳಿಗ್ಗೆಯೇ ಟ್ಯೂಬಿನ ಬಿಲ್ಲೆ ಹರಿದು ಅಡಿಗೆಮನೆ ಕೆರೆಯಾಗಿತ್ತು. ಮಾದಪ್ಪ ಇನ್ನೂ ಬಂದಿರಲಿಲ್ಲ, ಚಿಕ್ಕಪ್ಪ ಮತ್ತೆ ಚರ್ಮದ್ದನ್ನೇ ಹಾಕಿದ್ದರು. ಇವತ್ತೊಂದು ದಿನ ಬಾಯಿ ಬಿಡಬೇಡಿ ಎಂದು ನಾನು ಕೈಮುಗಿದೆ. ಕೇಳಿದರೆ ತಾನೆ! ತಾಯಿಯ ಕಿವಿಗೆ ಬಾಗಿದರು.

"ಅವ್ವಾ, ವಳಗೆ ಚರ್ಮಾನೇ ಐತೆ. ಕುಡೀಬ್ಯಾಡ."

ಅಜ್ಜಿ ಮಗನ ಮುಖ ನೋಡಿದರು. "ಬಾವಿ ನೀರು ಮಕ್ಕಳಿಗೆ ಆಗಾಕಿಲ್ವಾ?"

"ಆಗಾಕಿಲ್ಲ."

ಅಜ್ಜಿ ನಲ್ಲಿ ತಿರುಗಿಸಿದರು. ಬೊಗಸೆಯೊಡ್ಡಿ ನಿಧಾನವಾಗಿ ಕುಡಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಾದಪ್ಪನಿಗೆ, "ರಬ್ಬರು ಕಣಪ್ಪ. ಅಕ್ಕಿ ತೊಳಿ ಓಗು" ಎಂದರು.

ಚಿಕ್ಕಪ್ಪ ಏನೋ ಹೇಳಲು ಬಾಯಿ ತೆರೆದರು. ಅಜ್ಜಿ ತಮ್ಮ ಒದ್ದೆ ಕೈಯನ್ನು ಮಗನ ಬಾಯಿಯ ಮೇಲಿಟ್ಟರು.