ಗೋಲಿನ ಹಿಂದಿನ ಟಿಟ್ಟಿಭ ಅವರ ಸದಸ್ಯತ್ವದ ಬಗ್ಗೆ ಒಂದು ದೂರು

ಉತ್ತರ ದಿಕ್ಕಿನ ಗೋಲಿನ ಬಲೆಯ ಹಿಂದೆ, ಜಲ್ಲಿಯ ಮೇಲೆ, ನಾಲ್ಕು ಮೊಟ್ಟೆಗಳ ಸಮೇತ ವಾಸವಾಗಿರುವ ಟಿಟ್ಟಿಭ ಅವರ ಸನ್ನಿಧಿಗೆ,

ಮಾನ್ಯರೇ,

ಅದೇ ಮೈದಾನದ ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿನ ಕೋಣೆಯಲ್ಲಿರುವ ಹೊಲಿಗೆಯವಳ ನಮಸ್ಕಾರಗಳನ್ನು ತಾವು ಏಳುವ ತೊಂದರೆ ತೆಗೆದುಕೊಳ್ಳದೆ, ಕಾವಿಗೆ ಕೂತಲ್ಲಿಂದಲೇ ಸ್ವೀಕರಿಸಬೇಕು. ತಮ್ಮ ದಂಪತಿಗಳಲ್ಲಿ ಗಂಡ ಯಾರು, ಹೆಂಡತಿ ಯಾರು ಎಂಬುದು ಇಷ್ಟು ದಿನ ನೆರೆಹೊರೆಯಲ್ಲಿದ್ದರೂ ನಮಗೆ ತಿಳಿಯದ ಕಾರಣ, ಪತ್ರ ತಲುಪುವ ಹೊತ್ತಿಗೆ ಮೊಟ್ಟೆಯ ಮೇಲೆ ಯಾರ ಪಾಳಿಯಿರುತ್ತದೋ ಅವರು ಇದನ್ನು ಓದಿಕೊಂಡು, ಪಾಳಿ ಬದಲಾಯಿಸುವಾಗ ಇನ್ನೊಬ್ಬರಿಗೆ ತಿಳಿಸಬೇಕಾಗಿ ವಿನಂತಿ. ಇದನ್ನೆಲ್ಲ ನಾನು ಎದುರಿಗೆ ನಿಂತೇ ಹೇಳಬಹುದಿತ್ತು. ಆದರೆ ನಾನು ಐದನೆಯ ತರಗತಿಗೆ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು, ಯಾರೆದುರು ನಿಂತರೂ ನಾಲಗೆ ಏಳುವುದಿಲ್ಲ. ಅದರಲ್ಲೂ ತಮ್ಮೆದುರು ನಿಂತವರ ತಲೆಗಳಿಗೆ ಒದಗಿದ ಗತಿಯನ್ನು ಕಣ್ಣಾರೆ ಕಂಡ ಮೇಲೆ ಕಾಗದವೇ ವಾಸಿ ಎನಿಸಿತು.

ಮೊದಲು ನಮ್ಮ ಪರಿಸ್ಥಿತಿಯನ್ನು ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಸೋದರಮಾವ ಮೂವತ್ತೊಂದು ವರ್ಷದಿಂದ ಈ ಮೈದಾನದ ಕಾವಲುಗಾರರೂ ಹೌದು, ಹುಲ್ಲು ಕತ್ತರಿಸುವವರೂ ಹೌದು, ಸುಣ್ಣದ ಗೆರೆ ಎಳೆಯುವವರೂ ಹೌದು. ಅವರೂ ಅತ್ತೆಯೂ ನಾನೂ ಇರುವ ಕೋಣೆಗೆ ಚಾವಣಿಯೆಂದರೆ ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಹೊಟ್ಟೆ. ಬಾಗಿಲ ಹತ್ತಿರ ನಾವು ಮೂವರೂ ನೆಟ್ಟಗೆ ನಿಲ್ಲಬಹುದು, ಒಲೆಯ ಹತ್ತಿರ ಗಿಡ್ಡಗಿರುವ ಅತ್ತೆ ಮಾತ್ರ ನಿಲ್ಲಬಹುದು, ನನ್ನ ಯಂತ್ರ ಇರುವ ಮೂಲೆಯಲ್ಲಿ ಯಾರೂ ನಿಲ್ಲುವಂತಿಲ್ಲ. ಗೋಲು ಬಿದ್ದಾಗ ಕಾಲು ಬಡಿಯುವುದು ನಮ್ಮ ಅಭಿಮಾನಿಗಳ ರೂಢಿ. ಅವರು ಮೇಲೆ ಬಡಿದರೆ ಕೆಳಗೆ ನಮ್ಮ ತಟ್ಟೆಗೆ ಸಿಮೆಂಟಿನ ಪುಡಿ ಉದುರುತ್ತದೆ. ಈ ವರ್ಷ ಮನೆ ಎಂದೂ ಇಲ್ಲದಷ್ಟು ಚೊಕ್ಕಟವಾಗಿತ್ತು ಎಂದು ಅತ್ತೆ ಹೇಳುವ ಒಂದೇ ಮಾತಿನಲ್ಲಿ ನಮ್ಮ ತಂಡದ ಇಡೀ ವರ್ಷದ ಆಟದ ವರದಿ ಅಡಗಿದೆ.

ಕ್ಲಬ್ಬಿನ ಸಾಲದ ವಿಷಯ ತಮಗೆ ಹೊಸದಲ್ಲ. ಸಾಲ ಕೊಟ್ಟವರು ನೆಲ ಸಮ ಮಾಡುವ ರೋಲರನ್ನು ಎಳೆದುಕೊಂಡು ಹೋದದ್ದರಿಂದಲೇ ಗೋಲಿನ ಹಿಂದೆ ಹಳ್ಳ ಬಿದ್ದದ್ದು. ಹಳ್ಳ ಬಿದ್ದದ್ದರಿಂದಲೇ ಅಭಿಮಾನಿಗಳೆಲ್ಲ ಸೇರಿ ಒಂದು ರಜೆಯ ದಿನ ಮನೆಗೊಂದು ಬಕೆಟ್ಟಿನಂತೆ ಜಲ್ಲಿ ತಂದು ಸುರಿದದ್ದು. ಜಲ್ಲಿ ಸುರಿದದ್ದರಿಂದಲೇ ತಾವು ಇಲ್ಲಿಗೆ ದಯಮಾಡಿಸಿದ್ದು. ಊರೆಲ್ಲ ಹುಡುಕಿದರೂ ತಮಗೆ ಸಿಗದಂಥ ಹಾಸಿಗೆಯನ್ನು ನಾವೇ ಹೊತ್ತು ತಂದು ಹಾಸಿಕೊಟ್ಟೆವು. ಹಾಗೆಂದು ತಮ್ಮನ್ನು ದೂರುವುದಿಲ್ಲ. ಈ ವರ್ಷ ನಮ್ಮ ಮೈದಾನಕ್ಕೆ ಬಂದವರಲ್ಲಿ ಏನನ್ನೂ ಎತ್ತಿಕೊಂಡು ಹೋಗದೆ, ಬದಲಿಗೆ ನಾಲ್ಕನ್ನು ತಂದಿಟ್ಟವರು ತಾವು ಮಾತ್ರ.

ಲೀಗಿನ ಕೊನೆಯ ಪಂದ್ಯ ನದಿಯಾಚೆಯ ಕ್ಲಬ್ಬಿನ ಮೇಲೆ ಇತ್ತು. ಗೆದ್ದವರು ಈ ಡಿವಿಷನ್ನಿನಲ್ಲೇ ಉಳಿಯುತ್ತಾರೆ, ಸೋತವರು ಕೆಳಗಿನದಕ್ಕೆ ಇಳಿಯುತ್ತಾರೆ. ಸಾಲ ಕೊಟ್ಟವರೆಲ್ಲ ಒಟ್ಟಿಗೆ ಕೂತು, ಕ್ಲಬ್ಬು ಉಳಿದರೆ ಇನ್ನೊಂದು ವರ್ಷ ಕಾಯುತ್ತೇವೆ, ಇಳಿದರೆ ಮರುವಾರವೇ ಮೈದಾನಕ್ಕೆ ಬೀಗ ಜಡಿದು ಗೋದಾಮು ಕಟ್ಟುವವರಿಗೆ ಮಾರುತ್ತೇವೆ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ಹಾಗಾದರೆ ಆಟಗಾರರಿಗೆ ಬೇರೆ ಕ್ಲಬ್ಬು ಸಿಗುತ್ತದೆ, ಅಭಿಮಾನಿಗಳಿಗೆ ಬೇರೆ ಕೊರಗು ಸಿಗುತ್ತದೆ. ನನ್ನ ಮಾವನಿಗೆ ಮಾತ್ರ ಬೇರೆ ಮನೆ ಸಿಗುವುದಿಲ್ಲ.

ಇಂಥ ಹೊತ್ತಿನಲ್ಲಿ, ಪಂದ್ಯಕ್ಕೆ ಒಂಬತ್ತು ದಿನ ಇದ್ದಾಗ, ಹಕ್ಕಿಗಳ ರಕ್ಷಣೆಯ ಅಧಿಕಾರಿಗಳು ಬಂದು ತಮ್ಮ ಗೂಡನ್ನು ಕದಲಿಸುವಂತಿಲ್ಲ, ಸುತ್ತ ಹಗ್ಗ ಕಟ್ಟಬೇಕು, ಹಕ್ಕಿಯನ್ನು ಕಾಪಾಡುತ್ತೇವೆಂದು ಕ್ಲಬ್ಬು ಬರೆದುಕೊಡಬೇಕು, ಇಲ್ಲವಾದರೆ ಪಂದ್ಯವೇ ಇಲ್ಲ ಎಂದರು. ಹಗ್ಗವನ್ನು ಆಗಲೇ ಕಟ್ಟಿದೆವು. ಬರೆದುಕೊಡಲು ಕಾಗದ ಇರಲಿಲ್ಲ. ಪ್ರೆಸ್ಸಿನವರಿಗೆ ಬಾಕಿ ಇದ್ದುದರಿಂದ ಅವರು ಕ್ಲಬ್ಬಿನ ಹೆಸರಿರುವ ಒಂದು ಹಾಳೆಯನ್ನೂ ಅಚ್ಚು ಹಾಕಿಕೊಡುತ್ತಿರಲಿಲ್ಲ, ಬಿಳಿ ಹಾಳೆಯಲ್ಲಿ ಬರೆದದ್ದನ್ನು ಅಧಿಕಾರಿಗಳು ಒಪ್ಪುತ್ತಿರಲಿಲ್ಲ. ಆಫೀಸಿನ ಕಪಾಟಿನಲ್ಲಿ ಕ್ಲಬ್ಬಿನ ಹೆಸರಿದ್ದ ಕಾಗದವೆಂದರೆ ಸದಸ್ಯತ್ವದ ಅರ್ಜಿಗಳು ಮಾತ್ರ. ಅವು ಕಟ್ಟುಗಟ್ಟಲೆ ಇದ್ದವು, ಏಕೆಂದರೆ ಹೊಸದಾಗಿ ಸೇರುವವರು ಒಬ್ಬರೂ ಇರಲಿಲ್ಲ.

ಅಂಥದೊಂದು ಅರ್ಜಿಯ ನೆತ್ತಿಯ ಮೇಲೆ 'ಈ ಹಕ್ಕಿಯನ್ನು ಕಾಪಾಡುತ್ತೇವೆ' ಎಂದು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಕ್ಲಬ್ಬಿನ ಕಾರ್ಯದರ್ಶಿಗಳು ನಲವತ್ತು ವರ್ಷ ಗುಮಾಸ್ತರಾಗಿದ್ದವರು; ಅರ್ಜಿಯಲ್ಲಿ ಒಂದು ಜಾಗ ಖಾಲಿ ಬಿದ್ದಿದ್ದರೂ ಅವರಿಗೆ ಅಂದಿನ ಊಟ ಸೇರುವುದಿಲ್ಲ. ಹೆಸರು: ಟಿಟ್ಟಿಭ. ವಿಳಾಸ: ಉತ್ತರದ ಗೋಲಿನ ಹಿಂದೆ. ವೃತ್ತಿ: ಕಾವು ಕೂರುವುದು. ಮಕ್ಕಳು: ನಾಲ್ಕು, ಬರಬೇಕಾಗಿದೆ. ಹಿಂದೆ ಬೇರೆ ಕ್ಲಬ್ಬಿಗೆ ಆಡಿದ್ದುಂಟೇ: ತಿಳಿದುಬಂದಿಲ್ಲ. ಸಹಿ ಮಾಡುವ ಜಾಗದಲ್ಲಿ ಹಗ್ಗದ ಹತ್ತಿರ ಬಿದ್ದಿದ್ದ ತಮ್ಮದೇ ಒಂದು ಗರಿಯನ್ನು ಅಂಟಿಸಿ, ಅದರ ಮೇಲೆ ಮುದ್ರೆ ಒತ್ತಿದರು. ಅರ್ಜಿಯ ತಳದಲ್ಲಿ ಒಂದು ಪ್ರತಿಯನ್ನು ಲೀಗಿನ ಕಚೇರಿಗೆ ಕಳಿಸತಕ್ಕದ್ದು ಎಂದು ಅಚ್ಚಾಗಿತ್ತು. ಕಳಿಸಿದರು. ಹೀಗೆ ತಾವು ನಮ್ಮ ಕ್ಲಬ್ಬಿನ ಸದಸ್ಯರಾದಿರಿ, ಮಾನ್ಯರೇ. ಅದೂ ಮೂರು ವರ್ಷಗಳಲ್ಲಿ ಸೇರಿದ ಒಬ್ಬರೇ ಸದಸ್ಯರು.

ಪಂದ್ಯದ ದಿನ ತಾವು ತೋರಿದ ಸಾಮರ್ಥ್ಯವನ್ನು ಹೊಗಳಲು ನನ್ನ ಐದನೆಯ ತರಗತಿಯ ಭಾಷೆ ಸಾಲದು. ಮೊದಲರ್ಧದಲ್ಲಿ ತಮ್ಮ ಮುಂದೆ ನಿಂತವನು ನಮ್ಮದೇ ಗೋಲ್‌ಕೀಪರ್. ಅವನು ಹಗಲೆಲ್ಲ ಬೀಗ ರಿಪೇರಿ ಮಾಡುವವನು, ಮುಚ್ಚುವುದಕ್ಕಿಂತ ತೆರೆದುಕೊಡುವುದರಲ್ಲೇ ಕೈ ಪಳಗಿದವನು. ತಾವು ಬಲೆಯ ಮೇಲಿಂದ ಹಾರಿ ಬಂದು ಅವನ ನೆತ್ತಿಗೆ ನಾಲ್ಕು ಸಲ ಎರಗಿದಿರಿ. ನಾಲ್ಕನೆಯ ಸಲ ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡಾಗ ಚೆಂಡು ಅವನ ಕಾಲುಗಳ ನಡುವೆ ಸಾವಕಾಶವಾಗಿ ಉರುಳಿ ಒಳಗೆ ಹೋಯಿತು. ರೆಫ್ರಿಗಳು ಜೇಬಿನಿಂದ ನಿಯಮದ ಪುಸ್ತಕ ತೆಗೆದು ನೋಡಿದರು. ಅದರಲ್ಲಿ ನಾಯಿಯ ಬಗ್ಗೆ ಒಂದು ಸಾಲಿತ್ತು, ಹಕ್ಕಿಯ ಬಗ್ಗೆ ಇರಲಿಲ್ಲ. ಆಟ ಮುಂದುವರಿಯಿತು.

ದ್ವಿತೀಯಾರ್ಧದಲ್ಲಿ ತಮ್ಮ ಮುಂದೆ ನಿಲ್ಲುವ ಸರದಿ ನದಿಯಾಚೆಯ ಗೋಲ್‌ಕೀಪರನದಾಯಿತು. ಆ ಮನುಷ್ಯ ಎತ್ತರದ ಆಳು, ತಮಗೆ ಕೆಲಸ ಹತ್ತಿರವಾಯಿತು. ಅವನು ಓಡಿದ, ತಾವು ಅಟ್ಟಿದಿರಿ, ಇಬ್ಬರೂ ಮೈದಾನದ ಮಧ್ಯದ ಗೆರೆಯನ್ನು ದಾಟಿ ಹೋದಿರಿ. ಎದುರಿಗೆ ಯಾರೂ ಇಲ್ಲದ ಗೋಲನ್ನು ಕಂಡು ಗಾಬರಿಗೊಂಡ ನಮ್ಮ ಫಾರ್ವರ್ಡ್ ಎರಡು ಸಲ ಕಂಬಕ್ಕೆ ಹೊಡೆದು, ಮೂರನೆಯ ಸಲ ಒಳಗೆ ಹಾಕಿದ. ಆಟ ಮುಗಿಯಲು ಐದು ನಿಮಿಷ ಇದ್ದಾಗ ಆ ಗೋಲ್‌ಕೀಪರ್ ತಮ್ಮ ದೆಸೆಯಿಂದ ಬೋರಲು ಮಲಗಿದ್ದ ಸಮಯ ನೋಡಿ ಇನ್ನೊಂದು ಹೋಯಿತು. ಕೆಳಗೆ ನಮ್ಮ ಕೋಣೆಯಲ್ಲಿ ಅತ್ತೆಯ ಪಾತ್ರೆಗಳೆಲ್ಲ ಬೆಳ್ಳಗಾದವು, ಅತ್ತೆ ಪೊರಕೆಯನ್ನು ಮೂಲೆಗೆಸೆದು ಕಣ್ಣೊರೆಸಿಕೊಂಡರು. ಮೂವತ್ತು ಪಂದ್ಯಗಳಲ್ಲಿ ನಮ್ಮ ಬ್ಯಾಕ್ ಆಟಗಾರರು ನಾಲ್ವರು ಸೇರಿ ಒಬ್ಬನನ್ನೂ ಹೆದರಿಸಿದ್ದಿಲ್ಲ. ತಾವು ಒಬ್ಬರೇ, ಹೊಟ್ಟೆಪಾಡಿಗೆ ಏನನ್ನೂ ಕೇಳದೆ, ಎರಡೂ ತಂಡಗಳನ್ನು ಹೆದರಿಸಿದಿರಿ. ಮಕ್ಕಳು ಹಾರುವಂತಾದ ಮೇಲೆ, ವಾರಕ್ಕೆರಡು ದಿನ ನಮ್ಮ ಲೆಫ್ಟ್‌ಬ್ಯಾಕಿಗೆ ಎದುರಾಳಿಯನ್ನು ದಿಟ್ಟಿಸಿ ನೋಡುವುದು ಹೇಗೆಂದು ಕಲಿಸಿಕೊಡಲು ಸಾಧ್ಯವೇ ಎಂಬುದನ್ನು ದಯವಿಟ್ಟು ಯೋಚಿಸಬೇಕು.

ಇಲ್ಲಿಗೆ ನಮ್ಮ ಜನ ಬಾಯಿ ಮುಚ್ಚಿಕೊಂಡಿದ್ದರೆ ಈ ಪತ್ರದ ಅಗತ್ಯವೇ ಬರುತ್ತಿರಲಿಲ್ಲ. ಅವರು ನದಿಯಾಚೆಯವರ ಬಸ್ಸಿನ ಮುಂದೆ ನಿಂತು ಒಂದು ತಾಸು 'ನಮ್ಮ ಹನ್ನೆರಡನೆಯ ಆಟಗಾರ' ಎಂದು ತಮ್ಮ ಹೆಸರಿನಲ್ಲಿ ಜೈಕಾರ ಹಾಕಿದರು. ಬಸ್ಸಿನೊಳಗಿದ್ದವರು ಸೋತಿದ್ದರೇ ಹೊರತು ಕಿವುಡರಾಗಿರಲಿಲ್ಲ. ಮೂರನೆಯ ದಿನಕ್ಕೆ ಲೀಗಿಗೆ ಅವರ ದೂರು ಹೋಯಿತು: ಪಟ್ಟಿಯಲ್ಲಿಲ್ಲದ ಸದಸ್ಯರು ಆಟದ ನಡುವೆ ಮೈದಾನಕ್ಕಿಳಿದರೆ ಆ ಕ್ಲಬ್ಬು ಸೋತಂತೆ ಎಂದು ನಿಯಮವಿದೆ, ಈ ಹಕ್ಕಿ ಸದಸ್ಯ ಎನ್ನುವುದಕ್ಕೆ ಲೀಗಿನ ಕಚೇರಿಯಲ್ಲೇ ಗರಿ ಸಮೇತ ಅರ್ಜಿಯಿದೆ, ಆದ್ದರಿಂದ ಇಳಿಯಬೇಕಾದವರು ನಾವಲ್ಲ, ಅವರು.

ನಮ್ಮ ಕಾರ್ಯದರ್ಶಿಗಳು ಎರಡು ದಿನ ಮನೆಯಿಂದ ಹೊರಬರಲಿಲ್ಲ. ಮೂರನೆಯ ದಿನ ಹೊಳೆದದ್ದನ್ನು ಹೇಳಲು ಓಡಿ ಬಂದರು: ಚಂದಾ ಕಟ್ಟದವರು ಸದಸ್ಯರಲ್ಲ ಎಂದು ಕ್ಲಬ್ಬಿನ ನಿಯಮವೇ ಹೇಳುತ್ತದೆ, ಟಿಟ್ಟಿಭ ಚಂದಾ ಕಟ್ಟಿಲ್ಲ, ಅಲ್ಲಿಗೆ ಗೆದ್ದೆವು. ಎಲ್ಲರೂ ಅವರ ಬೆನ್ನು ತಟ್ಟಿದರು. ಆಮೇಲೆ ಅವರೇ ರಿಜಿಸ್ಟರು ತೆಗೆದು ನೋಡಿದಾಗ, ಆ ಲೆಕ್ಕದಲ್ಲಿ ಅಧ್ಯಕ್ಷರಿಂದ ಹಿಡಿದು ಗೋಲ್‌ಕೀಪರನವರೆಗೆ ಯಾರೂ ಸದಸ್ಯರಲ್ಲವೆಂದೂ, ನಮ್ಮ ಕ್ಲಬ್ಬಿನಲ್ಲಿ ಸಾಲವೊಂದನ್ನು ಬಿಟ್ಟು ಬೇರೆ ಏನೂ ಇಲ್ಲವೆಂದೂ ತಿಳಿಯಿತು. ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದರು.

ಈಗ ಲೀಗಿನವರು ವಿಚಾರಣೆಗೆ ಒಬ್ಬ ನಿವೃತ್ತ ರೆಫ್ರಿಗಳನ್ನು ನೇಮಿಸಿದ್ದಾರೆ. ಅವರು ಇಂದು ಹನ್ನೊಂದು ಗಂಟೆಗೆ ಮೈದಾನಕ್ಕೇ ಬರುತ್ತಾರೆ. ಹಕ್ಕಿ ಎಲ್ಲರಿಗೂ ಒಂದೇ ಸಮನೆ ಎರಗಿದರೆ ಅದು ಹಕ್ಕಿಯ ಸ್ವಭಾವ, ಪಂದ್ಯದ ಫಲಿತಾಂಶ ಹಾಗೆಯೇ ನಿಲ್ಲುತ್ತದೆ. ಯಾವುದೋ ಒಂದು ಕ್ಲಬ್ಬಿನವರನ್ನು ಬಿಟ್ಟು ಉಳಿದವರಿಗೆ ಎರಗಿದರೆ ಅದು ಪಕ್ಷಪಾತ, ಫಲಿತಾಂಶ ತಿರುಗುತ್ತದೆ ಎಂದು ಅವರು ಬರೆದು ತಿಳಿಸಿದ್ದಾರೆ. ನಮ್ಮ ಗೋಲ್‌ಕೀಪರನ ನೆತ್ತಿಯನ್ನು ಸಾಕ್ಷಿಯಾಗಿ ತೋರಿಸಿದರಾಯಿತು ಎಂದು ನಾವೆಲ್ಲ ನಿರಾಳವಾಗಿದ್ದೆವು. ಆದರೆ ನದಿಯಾಚೆಯವರು ನಾಲ್ಕು ದಿನ ಬೇಲಿಯ ಹೊರಗೆ ನಿಂತು ನೋಡಿ, ತಾವು ಎರಗದೆ ಬಿಡುವ ಮನುಷ್ಯ ಈ ಲೋಕದಲ್ಲಿ ಒಬ್ಬನೇ ಒಬ್ಬನಿದ್ದಾನೆಂದು ಪತ್ತೆ ಮಾಡಿದರು. ಆ ಮನುಷ್ಯ ನನ್ನ ಮಾವ. ಇವತ್ತು ಎಲ್ಲರ ಎದುರಿಗೆ ಅವರನ್ನು ತಮ್ಮ ಗೂಡಿನವರೆಗೆ ನಡೆಸಬೇಕೆಂದು ಕೇಳಿದ್ದಾರೆ.

ನನ್ನ ದೂರು ಇದೇ, ಮಾನ್ಯರೇ. ಮಧ್ಯಾಹ್ನದ ಬಿಸಿಲಿಗೆ ಡಬ್ಬದ ಮುಚ್ಚಳದಲ್ಲಿ ಒಂದಿಷ್ಟು ನೀರು ತಂದಿಡುತ್ತಾರೆಂದು ಒಬ್ಬ ಮನುಷ್ಯನನ್ನು ಇಷ್ಟೊಂದು ಹಚ್ಚಿಕೊಳ್ಳುವುದೇ? ನದಿಯಾಚೆಯವರ ಆ ಪತ್ರ ಬಂದಾಗಿನಿಂದ ಮಾವ ತಮಗೆ ಸಿಟ್ಟು ಬರಿಸಲು ಪಡುತ್ತಿರುವ ಪಾಡನ್ನು ತಾವು ಬಲ್ಲಿರಿ. ಒಂದು ದಿನ ನೀರಿಡಲಿಲ್ಲ. ಸಂಜೆಗೆ ಅವರಿಗೇ ಮನಸ್ಸು ತಡೆಯದೆ ಎರಡು ಮುಚ್ಚಳ ಇಟ್ಟು ಬಂದರು. ಮರುದಿನ ಪೊರಕೆ ಬೀಸಿದರು; ತಾವು ಗಾಳಿ ಬಂತೆಂದು ರೆಕ್ಕೆ ಸಡಿಲಿಸಿ ಕೂತಿರಿ. ಬೈದು ನೋಡೋಣವೆಂದರೆ ಅವರಿಗೆ ಬೈಗುಳ ಬರುವುದಿಲ್ಲ. ಕೊನೆಗೆ ಹಗ್ಗದ ಹೊರಗೆ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳುವುದಿಲ್ಲ ಎಂದುಕೊಂಡು, "ಒಂದೇ ಒಂದು ಸಲ ಸಿಟ್ಟು ಮಾಡ್ಕೊಳ್ಳೇ ತಾಯಿ, ನನ್ನ ಮನೆ ಹೋಗುತ್ತೆ" ಎಂದರು. ತಾವು ಒಂದು ಕಣ್ಣು ಮುಚ್ಚಿದಿರಿ. ಇದನ್ನು ಕೇಳಿದ ಅತ್ತೆ, "ಮೂವತ್ತು ವರ್ಷದಿಂದ ನನಗೆ ದಿನಾ ಸಿಟ್ಟು ತರಿಸ್ತಾರೆ, ಏನೂ ಕಷ್ಟಾನೇ ಪಡಲ್ಲ. ಒಂದು ಹಕ್ಕಿಗೆ ತರಿಸೋಕೆ ಆಗಲ್ವಾ ಇವರಿಗೆ?" ಎಂದು ನನ್ನ ಹತ್ತಿರ ಹೇಳಿ, ಆ ಕಡೆ ತಿರುಗಿಕೊಂಡರು. ನಿನ್ನೆಯಿಂದ ಅತ್ತೆ ಸಾಮಾನುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತುತ್ತಿದ್ದಾರೆ.

ಆದ್ದರಿಂದ ತಮ್ಮಲ್ಲಿ ಕೈಮುಗಿದು ಕೇಳುವುದೇನೆಂದರೆ, ತಮಗೆ ಮಾತು ಬರುವುದಾದರೆ ತಮಗೂ ನಮ್ಮ ಕ್ಲಬ್ಬಿಗೂ ಯಾವ ಸಂಬಂಧವೂ ಇಲ್ಲವೆಂದು ನಿವೃತ್ತ ರೆಫ್ರಿಗಳ ಮುಂದೆ ಒಂದು ಹೇಳಿಕೆ ಕೊಡಬೇಕು. ಬರೆಯಲು ಬರುವುದಾದರೆ ಸದಸ್ಯತ್ವಕ್ಕೆ ರಾಜೀನಾಮೆ ಕೊಡಬೇಕು. ಅರ್ಜಿಯನ್ನು ಕಾರ್ಯದರ್ಶಿಗಳೇ ತುಂಬಿಕೊಡುತ್ತಾರೆ, ತಾವು ಇನ್ನೊಂದು ಗರಿ ಉದುರಿಸಿದರೆ ಸಾಕು. ಎರಡೂ ಆಗದಿದ್ದರೆ, ಹನ್ನೊಂದು ಗಂಟೆಗೆ ಕರಿ ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬ ವಯಸ್ಸಾದ ಮನುಷ್ಯ ತಮ್ಮ ಹತ್ತಿರ ನಡೆದು ಬರುತ್ತಾರೆ. ಅಂಗಿಯನ್ನು ಇದಕ್ಕೆಂದೇ ನಾನು ಹೊಲಿದದ್ದು. ಅವರಿಗೆ ಎರಗಬೇಕು. ಸಂಕೋಚ ಬೇಡ. ಅವರ ಉಪಕಾರವನ್ನು ತೀರಿಸಲು ತಮಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು.

ತಮ್ಮ ಮಕ್ಕಳು ಕ್ಷೇಮವಾಗಿ ಹೊರಬಂದು, ತಮ್ಮಂತೆಯೇ ಯಾರಿಗೂ ಸೊಪ್ಪು ಹಾಕದವರಾಗಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ, ಹಾಗೆನ್ನಲು ಅಂಜುತ್ತಲೇ,
ಮೆಟ್ಟಿಲ ಕೆಳಗಿನ ಹೊಲಿಗೆಯವಳು

ತಾ.ಕ.: ವಿಚಾರಣೆಗೆ ಮುಂಚೆ ಇದನ್ನು ಟಿಕೆಟ್ ಕಿಟಕಿಯ ಪಕ್ಕದಲ್ಲಿ ಎಲ್ಲರೂ ದೂರುಗಳನ್ನು ಹಚ್ಚುವ ಹಲಗೆಗೆ ಅಂಟಿಸುವ ಧೈರ್ಯ ಬರಲಿಲ್ಲ, ನಾಲ್ಕು ದಿನ ತಡವಾಗಿ ಅಂಟಿಸುತ್ತಿದ್ದೇನೆ. ತಾವು ಅಂದು ನದಿಯಾಚೆಯವರ ಟೋಪಿಯನ್ನೂ, ನಮ್ಮ ಅಧ್ಯಕ್ಷರ ಕನ್ನಡಕವನ್ನೂ, ನಿವೃತ್ತ ರೆಫ್ರಿಗಳ ಕಿವಿಯನ್ನೂ ವಿಚಾರಿಸಿಕೊಂಡ ಮೇಲೆ, ಮಾವನಿಗೆ ಎರಗಿ ಹಣೆಯ ಮೇಲೆ ಮೂರು ಗೀರು ಎಳೆದದ್ದಕ್ಕೆ ನಮ್ಮ ಕ್ಲಬ್ಬು ತಮಗೆ ಋಣಿ; ಇಷ್ಟು ಸಾಲಗಳ ನಡುವೆ ಇದೂ ಒಂದು ಇರಲಿ. ಈ ಹಕ್ಕಿಗೆ ಯಾರೂ ತನ್ನವರಲ್ಲ ಎಂದು ರೆಫ್ರಿಗಳು ಕಿವಿ ಹಿಡಿದುಕೊಂಡೇ ಬರೆದು ಸಹಿ ಹಾಕಿದರು, ಅತ್ತೆ ಸುತ್ತಿಟ್ಟ ಪಾತ್ರೆಗಳನ್ನೆಲ್ಲ ಬಿಚ್ಚಿದರು. ಹೊಸ ಅಂಗಿಯಲ್ಲಿ ತಮಗೆ ಗುರುತು ಸಿಕ್ಕಿರಲಿಕ್ಕಿಲ್ಲ ಎಂದು ಮಾವನಿಗೆ ನಾವಿಬ್ಬರೂ ಹೇಳಿ ಹೇಳಿ ಸಾಕಾಗಿದೆ. ಅವರು ಈಗಲೂ ಮಧ್ಯಾಹ್ನ ನೀರಿಡುತ್ತಾರೆ, ಆದರೆ ಮುಚ್ಚಳವನ್ನು ದೂರದಿಂದ ಕೋಲಿನಲ್ಲಿ ತಳ್ಳಿ, ತಮ್ಮ ಮುಖ ನೋಡದೆ ಹಿಂದಿರುಗುತ್ತಾರೆ. ನಿನ್ನೆ ಊಟಕ್ಕೆ ಕೂತಾಗ ಹಣೆ ಮುಟ್ಟಿಕೊಂಡು, ಯಾರನ್ನೂ ನೋಡದೆ ಕೇಳಿದರು: "ಮನೆ ಉಳೀತು ಸರಿ. ಒಂದು ಗೀರು ಸಾಕಿತ್ತಲ್ವಾ?" ಇದಕ್ಕೆ ತಮ್ಮ ಉತ್ತರವನ್ನು ಲಿಖಿತವಾಗಿ ಕೊಡಬೇಕು.